ಎಲ್ಲ ಮನೆಯಲ್ಲೂ ಇದ್ದದ್ದೇ

ನನ್ನ ಓದು ನಿಂತದ್ದು ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ, ಒಂಬತ್ತನೆಯ ಕ್ಲಾಸಿನ ನಡುವೆ. ಯಾರೂ ನಿಲ್ಲಿಸಲಿಲ್ಲ. ನಲ್ಲಿಯ ನೀರು ಸಣ್ಣಗಾಗುತ್ತಾ ಆಗುತ್ತಾ ಒಂದು ಹೊತ್ತಿನಲ್ಲಿ ನಿಂತಿರುತ್ತದಲ್ಲ, ಹಾಗೆ ನಿಂತಿತು. ಇದನ್ನು ಕನಿಕರಕ್ಕಾಗಿ ಬರೆಯುತ್ತಿಲ್ಲ. ನಾನು ಹದಿನಾಲ್ಕನೆಯ ವಯಸ್ಸಿನಿಂದ ದುಡಿದು ಉಂಡವನು, ಯಾರ ಮನೆ ಬಾಗಿಲಲ್ಲೂ ಕೈಕಟ್ಟಿ ನಿಂತವನಲ್ಲ. ಕಾಶಿಯಲ್ಲಿ ಹುಟ್ಟಿ ಹಿಂದಿ ಶಾಲೆಯಲ್ಲಿ ಕಲಿತ ನನಗೆ ಕನ್ನಡದ ಅಕ್ಷರ ತಿದ್ದಿಸಿದವಳು ಅಮ್ಮ. ಆಮೇಲಿನದನ್ನೆಲ್ಲ ಯಾತ್ರಿಕರು ಬಿಟ್ಟುಹೋದ ಹಳೆಯ ವಾರಪತ್ರಿಕೆಗಳಿಂದ ನಾನೇ ಕಲಿತುಕೊಂಡೆ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದು ಉಳಿದಿದೆ. ಅದು ಎಲ್ಲಿ ಚುಚ್ಚಿತು ಎಂದು ಹೇಳಬೇಕಾದರೆ ನಮ್ಮ ಮನೆಯನ್ನೇ ಹೇಳಬೇಕು.

ಹನುಮಾನ್ ಘಾಟಿನ ಗಲ್ಲಿಯೊಂದರಲ್ಲಿ, ಮೂರಂತಸ್ತಿನ ಹಳೆಯ ಕಟ್ಟಡದ ಕೆಳಭಾಗ ನಮ್ಮದು. ಮುಂದಿನ ಹಜಾರ ಯಾತ್ರಿಕರಿಗೆ. ಕರ್ನಾಟಕದಿಂದ ಬಂದವರು ಅಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು, ಅಲ್ಲೇ ಹಿರಿಯರ ಶ್ರಾದ್ಧ ಮಾಡುತ್ತಿದ್ದರು, ಅಲ್ಲೇ ಉಣ್ಣುತ್ತಿದ್ದರು. ನಡುವೆ ತೆರೆದ ಅಂಗಳ, ಅದರ ನೆತ್ತಿಯಲ್ಲಿ ಕೋತಿಗಳು ಇಳಿಯದಂತೆ ಕಬ್ಬಿಣದ ಜಾಲರಿ. ಹಿಂದೆ ಅಡುಗೆಮನೆ, ಅದಕ್ಕೆ ಅಂಟಿದಂತೆ ಕಿಟಕಿಯಿಲ್ಲದ ಒಂದು ಕೋಣೆ. ಆ ಕೋಣೆಯಲ್ಲಿ ಅಪ್ಪ, ಅಮ್ಮ, ನಾನು, ತಂಗಿ ಪದ್ಮ. ಹಾಸಿಗೆ, ಬಟ್ಟೆ, ತಲೆದಿಂಬು ಎಲ್ಲಕ್ಕೂ ಹುರಿದ ಎಳ್ಳಿನ ವಾಸನೆ. ಅಮ್ಮ ಮಡಿಯುಟ್ಟು ಅಡುಗೆ ಮಾಡುವವಳು. ಮಡಿಸೀರೆ ಒಣಗುವ ಬೊಂಬು ಅಂಗಳದಲ್ಲಿ ನಮ್ಮ ತಲೆಗೂ ಎತ್ತರದಲ್ಲಿ ತೂಗುತ್ತಿತ್ತು. ಶಾಲೆಯ ಚೀಲ ಮೈಲಿಗೆ. ಅದನ್ನು ಒಳಗೆ ತರುವ ಹಾಗಿಲ್ಲ, ಹೊಸ್ತಿಲ ಪಕ್ಕದ ಗೂಡಿನಲ್ಲಿ ಚಪ್ಪಲಿಗಳ ಮೇಲೆ ಇಡಬೇಕು. ಅಪ್ಪ ಪುರೋಹಿತರಿಗೆ ಬೇಕಾದದ್ದನ್ನೆಲ್ಲ ಹೊಂದಿಸಿಕೊಡುವವನು: ದರ್ಭೆ, ಎಳ್ಳು, ಎಲೆ, ಗಂಗೆಯ ನೀರು, ಮತ್ತು ಎಲ್ಲಕ್ಕಿಂತ ಕಷ್ಟದ್ದು, ಎಲೆಗೆ ಕೂರುವ ಬ್ರಾಹ್ಮಣರು.

ಶ್ರಾದ್ಧದಲ್ಲಿ ಸತ್ತವರ ಸ್ಥಾನದಲ್ಲಿ ಯಾರಾದರೂ ಕೂತು ಉಣ್ಣಬೇಕು. ಅವರ ಕಾಲು ತೊಳೆದು, ಎಳ್ಳು ಹಾಕಿ, ತಂದೆಯೇ ಬಂದು ಕೂತಿದ್ದಾನೆ ಎಂದು ತಿಳಿದು ಬಡಿಸುತ್ತಾರೆ. ಪಿತೃಪಕ್ಷ ಬಂತೆಂದರೆ ಕಾಶಿಗೆ ನುಗ್ಗುವ ಜನಕ್ಕೆ ಲೆಕ್ಕವಿಲ್ಲ. ಉಣ್ಣುವ ಬ್ರಾಹ್ಮಣರಿಗೆ ಆಗ ಮದುವೆ ಕಾಲದ ಬ್ಯಾಂಡಿನವರ ಹಾಗೆ ಎಲ್ಲ ಕಡೆಯಿಂದಲೂ ಕರೆ. ಗೃಹಸ್ಥರು ಸಿಗದಿದ್ದಾಗ ಬ್ರಹ್ಮಚಾರಿಯೂ ಆಗುತ್ತದೆ ಎಂದು ಅಪ್ಪ ನನಗೆ ಬೇಗನೆ ಮುಂಜಿ ಮಾಡಿಸಿದ್ದ. ಹಾಗಾಗಿ ಮೀಸೆ ಚಿಗುರುವುದಕ್ಕೆ ಮೊದಲೇ ನಾನು ಎಷ್ಟೋ ಮನೆತನಗಳ ತಾತ, ಮುತ್ತಾತ ಆಗಿದ್ದೆ. ತಲೆ ನರೆತ ಗಂಡಸರು ನನ್ನ ಕಾಲು ತೊಳೆದು, ಆ ನೀರನ್ನು ಕಣ್ಣಿಗೆ ಒತ್ತಿಕೊಂಡು ಅತ್ತಿದ್ದಾರೆ. ಆಗ ನಗು ಬರುತ್ತಿತ್ತು. ಈಗ ನೆನೆದರೆ ನಗು ಬರುವುದಿಲ್ಲ.

ಗಲ್ಲಿಯ ಹಾಲಿನವನು ನನ್ನನ್ನು ಕಂಡಾಗಲೆಲ್ಲ ಸೈಕಲ್ ನಿಲ್ಲಿಸಿ ಕೇಳುತ್ತಿದ್ದ:

"ಕಾ ಗುರು, ಆಜ್ ಕೇಕರ್ ಪುರಖಾ ಬನಲಾ?"

ಇವತ್ತು ಯಾರ ಹಿರೀಕನಾದೆ ಅಂತ. ಮನೆಯೊಳಗೆ ಪದ್ಮನ ಕಾಟ ಬೇರೆ. ಊಟ ಮುಗಿಸಿ ಹೊಟ್ಟೆ ಹಿಡಿದುಕೊಂಡು ನಾನು ಕೋಣೆಗೆ ಬಂದ ಕೂಡಲೇ ಸೆರಗಿಲ್ಲದ ತಲೆಗೆ ಟವೆಲ್ ಹೊದ್ದು, ಮನೆಗೆ ಬಂದ ತಾತನಿಗೆ ಎನ್ನುವಂತೆ ಅಡ್ಡ ಬೀಳುತ್ತಿದ್ದಳು.

"ದಾದಾಜೀ ಆ ಗಯೇ! ಆಶೀರ್ವಾದ್ ದೀಜಿಯೇ, ದಾದಾಜೀ!"

"ಕನ್ನಡದಲ್ಲಿ ಮಾತಾಡೇ," ಎಂದು ಅಮ್ಮ ಒಲೆಯ ಮುಂದಿನಿಂದ ಕೂಗುವಳು.

"ಕನ್ನಡದಲ್ಲಿ ಮುದುಕ ಅಂದ್ರೆ ನೀನೇ ಬೈತೀಯಲ್ಲಮ್ಮ!"

ಶ್ರಾದ್ಧ ಉಂಡವನಿಗೆ ಕಟ್ಟುಗಳಿದ್ದವು. ಆ ದಿನ ಮತ್ತೊಮ್ಮೆ ಉಣ್ಣಬಾರದು. ಹೊರೆ ಹೊರಬಾರದು. ದೂರ ಹೋಗಬಾರದು. ಅಧ್ಯಯನ ಮಾಡಬಾರದು. ಅಪ್ಪ ಇವನ್ನು ಒಂದಕ್ಷರ ಬಿಡದೆ ಪಾಲಿಸುತ್ತಿದ್ದ, ನನ್ನಿಂದಲೂ ಪಾಲನೆ ಮಾಡಿಸುತ್ತಿದ್ದ. ಕಟ್ಟು ಮುರಿದರೆ ಆ ಊಟ ಸತ್ತವರಿಗೆ ಮುಟ್ಟುವುದಿಲ್ಲ, ಅವರ ಹಸಿವು ನಮ್ಮ ಮನೆಯ ಮೇಲೆ ಕೂರುತ್ತದೆ ಎಂಬ ಭಯ ಅವನಿಗೆ ನಿಜವಾಗಿಯೂ ಇತ್ತು. ಸಂಜೆ ಎಲ್ಲರೂ ಊಟಕ್ಕೆ ಕೂರುವಾಗ ಅಮ್ಮ ನನ್ನನ್ನು ಏನಾದರೂ ನೆಪ ಹೇಳಿ ಘಾಟಿಗೆ ಕಳಿಸುತ್ತಿದ್ದಳು. ನಾನು ನೋಡುತ್ತಾ ಕೂತರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಊಟದ ಕಟ್ಟು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಅಧ್ಯಯನದ್ದು. ಉಂಡ ದಿನ ಪುಸ್ತಕ ಮುಟ್ಟುವಂತಿಲ್ಲ. ಮುಟ್ಟದಿದ್ದರೆ ಲೆಕ್ಕ ಮಾಡಿರುವುದಿಲ್ಲ, ಮಾಡದೆ ಹೋದರೆ ಮೇಷ್ಟರು ಹೊರಗೆ ನಿಲ್ಲಿಸುತ್ತಾರೆ, ಹೊರಗೆ ನಿಲ್ಲುವುದಕ್ಕಿಂತ ಹೋಗದಿರುವುದೇ ಮರ್ಯಾದೆ. ಆ ವರ್ಷದ ಪಿತೃಪಕ್ಷ ಮುಗಿದು ದೀಪಾವಳಿ ಕಳೆದು ಶಾಲೆಗೆ ಹೋದರೆ ಹಾಜರಿಯಲ್ಲಿ ನನ್ನ ಹೆಸರು ಕೂಗಲೇ ಇಲ್ಲ. ಮನೆಗೆ ಬಂದು ಹೇಳಿದೆ. ಅಪ್ಪ ದರ್ಭೆಯ ಕಟ್ಟು ಬಿಚ್ಚುತ್ತಿದ್ದವನು ತಲೆಯೆತ್ತಲಿಲ್ಲ.

"ಇರಲಿ ಬಿಡೋ. ಹಿಂದಿನ ಗಲ್ಲಿ ಹುಡುಗರೆಲ್ಲ ಎಷ್ಟನೇ ಕ್ಲಾಸು ಓದಿದ್ದಾರೆ? ಎಲ್ಲ ಮನೆಯಲ್ಲೂ ಇದ್ದದ್ದೇ."

ಮರುದಿನದಿಂದ ಅಡುಗೆಮನೆಯ ಭಾರದ ಕೆಲಸವೆಲ್ಲ ನನ್ನದಾಯಿತು. ಘಾಟಿನಿಂದ ನೀರು ತರುವುದು, ಹಿಟ್ಟು ಬೀಸಿಸಿಕೊಂಡು ಬರುವುದು, ನೂರು ಜನರ ಅನ್ನದ ಹಂಡೆಯನ್ನು ಒಬ್ಬನೇ ಬಗ್ಗಿಸುವುದು. ನನ್ನ ಭುಜದ ಮೇಲೆ ಮನೆ ನಿಂತಿದೆ ಎನ್ನುವ ಗರ್ವ ನನಗೆ. ಶಾಲೆಯ ಗೆಳೆಯರು ಎದುರು ಸಿಕ್ಕರೆ ನಾನೇ ಎದೆಯುಬ್ಬಿಸಿ ನಡೆಯುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ವಸುಧಾ ಮೇಡಂ ನಮ್ಮ ಮನೆಗೆ ಬರತೊಡಗಿದರು. ಮೈಸೂರಿನವರು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಬಂದವರು, ಭೇಲೂಪುರದಲ್ಲಿ ಬಾಡಿಗೆ ಮನೆ ಮಾಡಿದ್ದರು. ಪ್ರತಿ ಭಾನುವಾರ ಅಮ್ಮನ ಕೈಯ ಸಾರು ಅನ್ನ ಉಣ್ಣಲು ರಿಕ್ಷಾ ಹಿಡಿದು ಬರುವರು. ಮೊದಲನೆಯ ಸಲ ಸಾರನ್ನು ಬೊಗಸೆಯಲ್ಲಿ ಹಾಕಿಸಿಕೊಂಡು ಕುಡಿದು, "ರೀ ಶಾರದಮ್ಮ, ನೀವಿಲ್ದಿದ್ರೆ ನಾನು ಈ ಊರಲ್ಲಿ ಪೂರಿ ತಿಂದೇ ಸಾಯ್ತಿದ್ದೆ ಕಣ್ರೀ" ಎಂದರು. ಅಂದಿನಿಂದ ಅಮ್ಮನಿಗೆ ಅವರು ಮನೆಯವರೇ. ಪುರೋಹಿತರ ಮನೆಗಳ ಹುಡುಗರು ಶಾಲೆ ಬಿಡುವುದು ಯಾಕೆ ಎಂಬುದೇ ಅವರ ಸಂಶೋಧನೆಯ ವಿಷಯ. ಒಂದು ಭಾನುವಾರ ಊಟವಾದ ಮೇಲೆ ಅಪ್ಪನನ್ನು ಅದನ್ನೇ ಕೇಳಿದರು. ಅಪ್ಪ ನನಗೆ ಹೇಳಿದ್ದ ಮಾತನ್ನೇ ಅವರಿಗೂ ಹೇಳಿದ. ಅವರು ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದುಕೊಂಡರು.

"ಏನು ಬರೆದ್ರಿ ಮೇಡಂ?" ಎಂದೆ.

"ನಿಮ್ಮಪ್ಪ ಹೇಳಿದ್ದನ್ನೇ ಕಣೋ. ಪ್ರಿವಲೆಂಟ್ ಅಂತ."

"ಹಾಗಂದ್ರೆ?"

ಅವರಿಗೆ ಕಲಿಸುವುದೆಂದರೆ ಖುಷಿ. ಪೆನ್ನು ಕೆಳಗಿಟ್ಟರು.

"ಒಂದು ಜಾಗದಲ್ಲಿ, ಒಂದು ಕಾಲದಲ್ಲಿ, ಬಹಳ ಜನರಲ್ಲಿ ಕಾಣೋದು. ಕಾಯಿಲೆಗೆ ಹೇಳ್ತೀವಿ. ಮಳೆಗಾಲದಲ್ಲಿ ಇಲ್ಲಿ ಕಾಮಾಲೆ ಪ್ರಿವಲೆಂಟ್. ಪದ್ಧತಿಗೆ ಹೇಳ್ತೀವಿ, ನಂಬಿಕೆಗೆ ಹೇಳ್ತೀವಿ."

"ಕೋತಿಗೆ?" ಎಂದಳು ಪದ್ಮ, ಮೇಲಿನ ಜಾಲರಿ ನೋಡುತ್ತಾ.

"ಕೋತಿಗೆ ಕಾಮನ್ ಅಂದ್ರೆ ಸಾಕಮ್ಮ. ಪ್ರಿವಲೆಂಟ್ ಸ್ವಲ್ಪ ಗಂಭೀರದ ಪದ. ಹೇಳಿದವರು ನಾಲ್ಕು ಕಡೆ ವಿಚಾರಿಸಿ ಹೇಳಿದ ಹಾಗಿರುತ್ತೆ."

"ಕರೆಂಟ್ ಹೋಗೋದು?"

"ಅದು ವೈಡ್‌ಸ್ಪ್ರೆಡ್. ಊರಿಗೆ ಊರೇ ಕತ್ತಲಾದಾಗ. ಇನ್ನು ತಡೆಯೋರೇ ಇಲ್ಲ ಅನ್ನೋ ಹಾಗೆ ಕೆಟ್ಟದ್ದು ಬೆಳೀತಿದ್ರೆ ರಾಂಪಂಟ್."

"ನಮ್ಮನೇಲಿ ಸಂಜೆ ಹಸಿವು ಪ್ರಿವಲೆಂಟ್ ಅನ್ನಬಹುದಾ?" ಎಂದು ನಾನು ಕೇಳಿದೆ. ತಮಾಷೆಗೇ ಕೇಳಿದ್ದು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಮೇಡಂ ಹೇಳಿದರು. "ಒಂದೇ ಮನೆಗೆ, ಒಬ್ಬನೇ ಮನುಷ್ಯನಿಗೆ ಆ ಪದ ಬರಲ್ಲ ನಾಗೂ. ಬಹಳ ಜನ ಬೇಕು."

"ಹಾಗಾದ್ರೆ ನೀವು ಬರೆದಿದ್ರಲ್ಲಿ ನಾನಿಲ್ಲ."

"ಇದ್ದೀಯಲ್ಲೋ. ಆ ಬಹಳ ಜನರಲ್ಲಿ ಒಬ್ಬ."

ಅವರು ನೋಯಿಸಬೇಕೆಂದು ಹೇಳಿದ್ದಲ್ಲ. ಆದರೆ ನನಗೆ ಅದನ್ನು ತಡೆಯಲಾಗಲಿಲ್ಲ. ಶಾಲೆ ಬಿಟ್ಟದ್ದನ್ನು ನಾನು ಮನೆಗಾಗಿ ನಾನೊಬ್ಬನೇ ಮಾಡಿದ ದೊಡ್ಡ ಕೆಲಸ ಎಂದುಕೊಂಡಿದ್ದೆ. ಆ ಹಾಳೆಯಲ್ಲಿ ಅದು ಕಾಮಾಲೆಯ ಹಾಗೆ ಗಲ್ಲಿಯಲ್ಲಿ ಹರಡಿದ ಒಂದು ಸಂಗತಿ. ನಾನು ಹಳದಿ ಕಣ್ಣಿನ ಇನ್ನೊಬ್ಬ ಹುಡುಗ. ಅದರ ಮುಂದಿನ ಭಾನುವಾರ ರಿಕ್ಷಾದವರೆಗೂ ಅವರ ಹಿಂದೆಯೇ ಹೋಗಿ ಕೇಳಿದೆ.

"ಮೇಡಂ, ಆ ಪದದಿಂದ ಆಚೆ ಬರಬೇಕಾದ್ರೆ ಏನು ಮಾಡಬೇಕು?"

ಅವರು ನಗಲಿಲ್ಲ. ನನ್ನ ಶಾಲೆಗೆ ಹೋಗಿ ಹೆಡ್‌ಮಾಸ್ಟರರನ್ನು ಕಂಡರು. ಮಧ್ಯಾಹ್ನದ ಪಾಳಿಯಲ್ಲಿ ಒಂದು ಪರೀಕ್ಷೆ ಇಡುತ್ತೇವೆ, ಪಾಸಾದರೆ ಮತ್ತೆ ಒಂಬತ್ತಕ್ಕೆ ಸೇರಿಸಿಕೊಳ್ಳುತ್ತೇವೆ, ಇದೊಂದೇ ಅವಕಾಶ ಎಂದರಂತೆ ಹೆಡ್‌ಮಾಸ್ಟರರು. ಮಳೆಗಾಲವಿಡೀ ಓದಿದೆ. ಹಂಡೆಯ ನೀರು ಕುದಿಯುವಷ್ಟು ಹೊತ್ತು ಒಲೆಯ ಮುಂದೆಯೇ ಬೀಜಗಣಿತ. ಚೀಲ ಗೂಡಿನಲ್ಲೇ ಇರುತ್ತಿತ್ತು, ಪುಸ್ತಕ ಮಾತ್ರ ಒಳಗೆ ಬರುತ್ತಿತ್ತು; ಅಮ್ಮ ಕಂಡೂ ಕಾಣದವಳಂತಿದ್ದಳು. ಮಡಿಯಲ್ಲಿ ನಿಂತು ನನ್ನ ಪುಸ್ತಕದ ಹಾಳೆಯನ್ನು ಇಕ್ಕಳದಿಂದ ತಿರುವಿಕೊಟ್ಟದ್ದೂ ಉಂಟು. ಪರೀಕ್ಷೆಯ ದಿನ ಗೊತ್ತಾದಾಗ ಅದು ಪಿತೃಪಕ್ಷದ ನಡುವೆ ಬಿದ್ದಿತ್ತು. ಅಮ್ಮ ಅವತ್ತೇ ಅಪ್ಪನಿಗೆ ಹೇಳಿಬಿಟ್ಟಳು.

"ಆ ದಿನ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಾಗೂ ಕೂರಲ್ಲ."

"ಆಯ್ತು," ಎಂದ ಅಪ್ಪ. ಅವನು ಮಾತಿಗೆ ತಪ್ಪಲಿಲ್ಲ, ಬೇರೆಯವರನ್ನು ಗೊತ್ತು ಮಾಡಿಯೂ ಇದ್ದ. ಇದನ್ನು ಬರೆಯಲೇಬೇಕು, ಯಾಕೆಂದರೆ ಓದಿದವರು ಅಪ್ಪನನ್ನು ಕೆಟ್ಟವನೆಂದು ತಿಳಿಯಬಾರದು.

ಅವತ್ತು ಹಜಾರದಲ್ಲಿ ಧಾರವಾಡದ ಕಡೆಯ ಒಂದು ಕುಟುಂಬ: ವಯಸ್ಸಾದ ಒಬ್ಬ ಅಜ್ಜಿ, ಅವರ ಮಗ, ಸೊಸೆ. ಅಜ್ಜಿಯ ಗಂಡನ ಶ್ರಾದ್ಧ. ಅಡುಗೆಯಾಗಿ, ಪುರೋಹಿತರೂ ಬಂದು ಕೂತರು. ಗೊತ್ತು ಮಾಡಿದ್ದ ಬ್ರಾಹ್ಮಣರಲ್ಲಿ ಒಬ್ಬರು ಬರಲಿಲ್ಲ. ಬೇರೆ ಯಾವುದೋ ಕಡೆಯವರು ದಾರಿಯಲ್ಲೇ ಅವರನ್ನು ಕರೆದೊಯ್ದಿದ್ದರು. ಅಪ್ಪ ಗಲ್ಲಿ ಗಲ್ಲಿ ಓಡಾಡಿ, ವಿಶ್ವನಾಥ ಗಲ್ಲಿಯವರೆಗೂ ಹೋಗಿ ಬೆವರು ಸುರಿಸುತ್ತಾ ಬರಿಗೈಯಲ್ಲಿ ಬಂದ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಅಂಗಳದಲ್ಲಿ ನಿಂತಿದ್ದೆ. ಅಪ್ಪ ನನ್ನ ಕಡೆ ನೋಡಲೇ ಇಲ್ಲ. ನೋಡಬಾರದೆಂದು ಗೋಡೆಯ ಕಡೆ ತಿರುಗಿ ನಿಂತ.

"ಭಟ್ಟರ, ನಮ್ಮವರ ತಿಥಿ ಇವತ್ತs ಅದ," ಎಂದರು ಅಜ್ಜಿ. "ನಾಳೆ ಮಾಡಿದ್ರ ಆಗಂಗಿಲ್ರಿ. ಇಷ್ಟು ದೂರ ಬಂದು ಅವರು ಉಪವಾಸ ಹೋಗಬೇಕೇನು?" ಆಮೇಲೆ ಅಂಗಿಯ ಕೊರಳಲ್ಲಿ ನನ್ನ ಜನಿವಾರ ಕಂಡು, "ಈ ತಮ್ಮ ಇದ್ದಾನಲ್ರೀ. ಸಣ್ಣಾವ ಆದ್ರೇನಾತು, ಕೂಡಲಿ" ಎಂದರು.

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ಅಪ್ಪನ ಎದುರು ಅವಳು ಯಾತ್ರಿಕರ ಮುಂದೆ ದನಿಯೆತ್ತಿದ್ದು ನಾನು ಕಂಡದ್ದು ಅದೊಂದೇ ಸಲ.

"ಅವನು ಇವತ್ತು ಯಾರ ತಾತಾನೂ ಅಲ್ಲ. ನನ್ನ ಮಗ ಅಷ್ಟೆ."

ನಾನೇ ಒಂದು ದಾರಿ ಹುಡುಕಿದೆ. "ಉಂಡು ಹೋಗ್ತೀನಿ ಅಪ್ಪ. ಶಾಲೆ ಹತ್ತಿರ ತಾನೆ. ಹೊತ್ತಾಗಲ್ಲ."

"ಉಂಡ ಮೇಲೆ ಹೋಗೋ ಹಾಗಿಲ್ವಲ್ಲೋ," ಎಂದ ಅಪ್ಪ. ಅವನ ದನಿ ಅಳುವವನ ದನಿಯ ಹಾಗಿತ್ತು. "ಅಧ್ಯಯನ ನಿಷಿದ್ಧ."

"ಪರೀಕ್ಷೆ ಬರೆಯೋದು ಅಧ್ಯಯನಾನೇನ್ರೀ?" ಎಂದಳು ಅಮ್ಮ.

"ಅಕ್ಷರ ತಾನೆ ಶಾರದಾ? ಅವನು ಉಂಡು ಹೋಗಿ ಅಕ್ಷರ ಬರೆದ್ರೆ ಇವರ ಯಜಮಾನ್ರಿಗೆ ಏನೂ ಮುಟ್ಟಲ್ಲ. ಗೊತ್ತಿದ್ದೂ ಹೇಗೆ ಕೂರಿಸ್ಲಿ? ಹೋಗಲಿ ಬಿಡು. ನಾಗೂ, ನೀನು ಹೊರಡೋ."

ಹೊರಡು ಎಂದ, ನಿಜ. ನನ್ನ ಕಾಲು ಏಳಲಿಲ್ಲ. ಅಜ್ಜಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಬಾಗಿಲ ಕಡೆಯೇ ನೋಡುತ್ತಿದ್ದರು, ಈಗ ಯಾರಾದರೂ ಒಳಗೆ ಬಂದಾರು ಎನ್ನುವ ಹಾಗೆ. ನಾನಿಲ್ಲದಿದ್ದರೆ ಇಲ್ಲಿ ಏನೂ ನಡೆಯದು ಎನ್ನುವುದು ಆ ವಯಸ್ಸಿನ ಹುಡುಗನಿಗೆ ಸಣ್ಣ ಸುಖವಲ್ಲ. ಅಂಗಿಯ ಗುಂಡಿ ಬಿಚ್ಚಿದೆ. ಪೆನ್ನುಗಳನ್ನು ಪದ್ಮನ ಕೈಗೆ ಕೊಟ್ಟೆ. ಅವಳು ಅವನ್ನು ಹೊಸ್ತಿಲ ಗೂಡಿನ ಚೀಲದಲ್ಲಿ ಇಟ್ಟು ಬಂದಳು.

ಅಜ್ಜಿಯ ಮಗ ನನ್ನ ಕಾಲು ತೊಳೆದರು. ಅಮ್ಮ ಬಡಿಸಿದಳು. ಶ್ರಾದ್ಧದ ಎಲೆಗೆ ಬಡಿಸುವಾಗ ಕೂತವನನ್ನು ಏಕವಚನದಲ್ಲಿ ಮಾತಾಡಿಸುವ ಹಾಗಿಲ್ಲ. ಅವನು ಮಗನಲ್ಲ, ಪಿತೃ. ಅಮ್ಮ ವಡೆಯ ತಟ್ಟೆ ಹಿಡಿದು ನನ್ನ ಮುಂದೆ ಬಗ್ಗಿ, ಕಣ್ಣು ನೆಲದಲ್ಲಿಟ್ಟು, "ಇನ್ನೊಂದು ಹಾಕಿಸ್ಕೊಳ್ಳಿ" ಎಂದಳು. ಪಾಯಸ ತಂದಾಗಲೂ ಹಾಗೇ ಅಂದಳು. ಎಷ್ಟೋ ಸಲ ಅವಳ ಬಾಯಿಂದ ಅದೇ ಮಾತು ಕೇಳಿ ಉಂಡವನು ನಾನು. ಅವತ್ತು ಮಾತ್ರ ನಾನೂ ಕಣ್ಣನ್ನು ಎಲೆಯಲ್ಲೇ ಇಟ್ಟು ಉಂಡೆ. ಕೊನೆಯಲ್ಲಿ ಶ್ರಾದ್ಧ ಮಾಡುವವರು ಕೈಮುಗಿದು, ತೃಪ್ತರಾದಿರಾ ಎಂದು ಸಂಸ್ಕೃತದಲ್ಲಿ ಕೇಳಬೇಕು. ಉಂಡವನು ತೃಪ್ತರಾದೆವು ಎನ್ನಬೇಕು. ಉಂಡವನು ಹೇಳದಿದ್ದರೆ ಕರ್ಮ ಮುಗಿಯುವುದಿಲ್ಲ. ಅವರು ಕೇಳಿದರು. ಅಮ್ಮ ಖಾಲಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತೃಪ್ತರಾದೆವು ಎಂದೆ. ಅಜ್ಜಿ ನನ್ನ ಕಾಲಿಗೆ ಹಣೆಯಿಟ್ಟು, "ಹೊಟ್ಟಿ ತುಂಬ ಉಂಡ್ರಿ ನೋಡ್ರಿ" ಎಂದು ಗಂಡನೊಡನೆ ಮಾತಾಡಿದಂತೆ ಮಾತಾಡಿ ಎದ್ದರು. ಅಷ್ಟು ಹೊತ್ತಿಗೆ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟಾಗಿರಬೇಕು.

ಭಾನುವಾರ ಮೇಡಂ ಬಂದರು. ವಿಷಯ ಅವರಿಗೆ ತಿಳಿದಿತ್ತು. ನನ್ನನ್ನು ಬೈಯಲಿಲ್ಲ, ಅಪ್ಪನನ್ನು ಬೈಯಲಿಲ್ಲ, ಸಾರನ್ನು ಮಾತ್ರ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಹೋಗುವಾಗ ಗಲ್ಲಿಯ ತಿರುವಿನಲ್ಲಿ ನಿಂತು ಹೇಳಿದರು.

"ನಿನ್ನ ವಿಷಯ ಬರೆಯೋವಾಗ ಬೇರೆ ಪದ ಹುಡುಕಬೇಕು ಅಂದ್ಕೊಂಡಿದ್ದೆ ಕಣೋ."

"ಅದನ್ನೇ ಹಾಕಿ ಮೇಡಂ. ಸರಿಯಾದ ಪದ," ಎಂದೆ. ಬೆನ್ನು ನೆಟ್ಟಗೆ ಮಾಡಿಕೊಂಡೇ ಹೇಳಿದೆ. ಅವರು ಮುಂದಿನ ವರ್ಷ ಕೆಲಸ ಮುಗಿಸಿ ಮೈಸೂರಿಗೆ ಹೋದರು.

ಇದಾಗಿ ಬಹಳ ವರ್ಷ ಕಳೆದ ಮೇಲೆ, ಅಪ್ಪ ತೀರಿಕೊಂಡ ಮರುವರ್ಷ, ನಮ್ಮ ಘಾಟಿನ ಪಾಠಶಾಲೆಯೊಂದರಲ್ಲಿ ಸಂತರ್ಪಣೆಗೆ ಅಡುಗೆ ಮಾಡಲು ಹೋಗಿದ್ದೆ. ಅಲ್ಲಿನ ಹಿರಿಯ ಶಾಸ್ತ್ರಿಗಳು ಊಟ ಮುಗಿಸಿ ಅಡಿಕೆ ಮೆಲ್ಲುತ್ತಾ ಕೂತಿದ್ದಾಗ ಮಾತು ಶ್ರಾದ್ಧದ ಕಟ್ಟುಗಳ ಮೇಲೆ ಬಂತು. ನನ್ನ ಪರೀಕ್ಷೆಯ ಕಥೆಯನ್ನು ನಗುತ್ತಲೇ ಹೇಳಿದೆ. ಅವರು ಅಗಿಯುವುದನ್ನು ನಿಲ್ಲಿಸಿದರು.

"ಅದು ವೇದಾಧ್ಯಯನಕ್ಕೆ ಹೇಳಿದ್ದಪ್ಪ. ವೇದ ಹೇಳಬಾರದು ಅಂತ. ಬೀಜಗಣಿತಕ್ಕೂ ಅದಕ್ಕೂ ಏನು ಸಂಬಂಧ? ಯಾರು ಹೇಳಿದ್ರು ನಿನಗೆ?"

"ನಮ್ಮಲ್ಲಿ ಎಲ್ಲರೂ ಹಾಗೇ ನಡ್ಕೊಂಡು ಬಂದಿದ್ರು," ಎಂದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತೋ ಏನೋ. ಅವಳು ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಆ ಪಾಠಶಾಲೆ ನಮ್ಮನೆಯಿಂದ ಎಷ್ಟು ದೂರ ಇತ್ತೋ?"

"ಪಕ್ಕದ ಗಲ್ಲಿ ಅಮ್ಮ."

"ಶಾಸ್ತ್ರಿಗಳು ಆಗಲೂ ಅಲ್ಲೇ ಇದ್ರಾ?"

"ಇದ್ರು."

"ಯಾರಾದ್ರೂ ಒಬ್ರು ಹೋಗಿ ಕೇಳಬಹುದಿತ್ತಲ್ಲೋ."

ನನ್ನ ಕೊರಗು ಅದೇ. ಅಪ್ಪನಿಗೆ ಕೇಳಬೇಕೆಂದು ಹೊಳೆಯಲಿಲ್ಲ, ಹಿಂದಿನ ಗಲ್ಲಿಯ ಅಪ್ಪಂದಿರಿಗೂ ಹೊಳೆದಿರಲಿಲ್ಲ. ಮೇಡಂ ಅಷ್ಟು ಓದಿದವರು, ಆ ಪದ್ಧತಿ ಎಲ್ಲೆಲ್ಲಿ ಇದೆ ಎಂದು ಮನೆಮನೆ ವಿಚಾರಿಸಿದರು. ಅದು ಸರಿಯೇ ಎಂದು ಕೇಳಲು ಪಾಠಶಾಲೆಯ ಬಾಗಿಲು ತಟ್ಟಬೇಕೆಂದು ಅವರಿಗೂ ಅನ್ನಿಸಲಿಲ್ಲ. ಎಲ್ಲರ ಮನೆಯಲ್ಲೂ ಇರುವುದು ಸರಿಯಾಗಿಯೇ ಇರಬೇಕು ಎಂದು ನಾವೆಲ್ಲ ನಂಬಿದ್ದೆವು. ಅಪ್ಪ ಬದುಕಿದ್ದರೆ ಈ ಮಾತು ಅವನಿಗೆ ಹೇಳುತ್ತಿದ್ದೆನೇ? ಇಲ್ಲ. ಅವತ್ತು ಗೋಡೆಯ ಕಡೆ ತಿರುಗಿ ನಿಂತಿದ್ದ ಅವನ ಬೆನ್ನು ನನಗೆ ನೆನಪಿದೆ.

ಈಗ ನನಗಿರುವುದು ಇಷ್ಟು. ಭೇಲೂಪುರದಲ್ಲಿ ಎರಡು ಕೋಣೆಯ ಮನೆ. ಯಾತ್ರಿಕರಿಗೆ ಅಡುಗೆ ಮಾಡಿಕೊಡುವ ಸ್ವಂತ ಕೆಲಸ, ನಾಲ್ಕು ದೊಡ್ಡ ಒಲೆ, ಕೈಕೆಳಗೆ ಆರು ಜನ. ಒಂದು ಸ್ಕೂಟರ್. ಅಮ್ಮ. ಹೆಂಡತಿ. ಏಳನೆಯ ಕ್ಲಾಸಿನಲ್ಲಿ ಓದುವ ಒಬ್ಬ ಮಗಳು. ನನ್ನ ಎಂಟನೆಯ ಕ್ಲಾಸಿನ ಅಂಕಪಟ್ಟಿ, ಒಂದು.